1930ರ ಮುಂಬೈ ದೃಶ್ಯಕ್ಕೆ ಯಾವ ಬಾವುಟ ಹೊಲಿಸಬೇಕು?

ಡೊಂಬಿವಲಿ_ಫಾಸ್ಟ್

ನಮಸ್ಕಾರ. ಸಂಘದ ವಾರ್ಷಿಕೋತ್ಸವಕ್ಕೆ 40 ನಿಮಿಷದ ನಾಟಕ, ಹೊರಗಿನ ಪಡಸಾಲೆಯಲ್ಲಿ ಹಳೆಯ ಫೋಟೋಗಳ ಪ್ರದರ್ಶನ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಬಾವುಟ ಬೀದಿಗೆ ಹೇಗೆ ಇಳಿಯಿತು ಅನ್ನೋದೇ ವಸ್ತು. ದೃಶ್ಯಗಳು ನಾಲ್ಕು: 1930ರ ಅಕ್ಟೋಬರಿನ ಆಜಾದ್ ಮೈದಾನ, ಪರೇಲಿನ ಗಿರಣಿ ಗೇಟು, 1931ರ ಜನವರಿಯಲ್ಲಿ ಯರವಡಾ ಜೈಲಿನ ಹೊರಗೆ, ಕೊನೆಗೆ 1935ರ ಸುಮಾರಿನ ಗೋವಾದ ಒಂದು ಸರ್ಕಾರಿ ಕಚೇರಿ.

ಬಾವುಟದ ಮಾತು ಬಂದ ಕೂಡಲೇ ಕಮಿಟಿಯಲ್ಲಿ ಮೂರು ಪಂಗಡ. ದಾದರಿನಲ್ಲಿ ಸಿಗುವ ಈಗಿನ ತ್ರಿವರ್ಣವೇ ಸಾಕು ಅಂತ ಒಬ್ಬರು. ಕೇಸರಿ-ಬಿಳಿ-ಹಸಿರೇ ಇರಲಿ, ಚಕ್ರದ ಜಾಗದಲ್ಲಿ ಚರಕ ಬರೆಸಿ ಅಂತ ಇನ್ನೊಬ್ಬರು. ಕನ್ನಡಿಗರ ನಾಟಕ, ಪಕ್ಕದಲ್ಲಿ ಹಳದಿ-ಕೆಂಪು ಬಾವುಟವೂ ಇರಲಿ ಅಂತ ಮೂರನೆಯವರು. ನಮಗೆ 2 ಅಡಿಗೆ 3 ಅಡಿಯ ಮೂರು ಬಾವುಟ ಬೇಕು, ಖಾದಿಯಲ್ಲೇ. ಬಟ್ಟೆ ಎಷ್ಟು ತರಬೇಕು, ಚರಕ ಹೇಗೆ ಮೂಡಿಸಬೇಕು? ಪೊಲೀಸರು ಬಾವುಟ ಕಿತ್ತುಕೊಳ್ಳುವ ದೃಶ್ಯವಿದೆ, ಅದಕ್ಕೆ ಕಾನೂನಿನ ತೊಡಕೇನಾದರೂ ಇದೆಯೇ? ತಿಳಿದವರು ಹೇಳಿ.

ಮಾಸಿದ_ಆಲ್ಬಂ

ಮೂರೂ ಪಂಗಡ ತಪ್ಪು.

ಅಶೋಕ ಚಕ್ರದ ಬಾವುಟವನ್ನು ಸಂವಿಧಾನ ಸಭೆ ಒಪ್ಪಿದ್ದು 1947ರ ಜುಲೈ 22ರಂದು. ಹಳದಿ-ಕೆಂಪು ಕನ್ನಡ ಬಾವುಟ 1960ರ ದಶಕದ್ದು, ಮ. ರಾಮಮೂರ್ತಿಯವರ ಕಾಲದ್ದು. 1930ರ ಮೈದಾನದಲ್ಲಿ ಅದನ್ನು ಹಿಡಿದರೆ ಕೈಯಲ್ಲಿ ಮೊಬೈಲ್ ಹಿಡಿದ ಹಾಗೆ. ಕೇಸರಿ-ಬಿಳಿ-ಹಸಿರಿನ ನಡುವೆ ಚರಕ ಇರುವ ಬಾವುಟ ನಿಜವಾದದ್ದೇ, ಆದರೆ ಅದು 1931ರ ಆಗಸ್ಟಿನದು. ನಿಮ್ಮ ಅಕ್ಟೋಬರ್ 1930ಕ್ಕೂ ಬರುವುದಿಲ್ಲ, ಜನವರಿ 1931ಕ್ಕೂ ಬರುವುದಿಲ್ಲ. 1931 ಅಂದ ಕೂಡಲೇ ಕೇಸರಿ ಹೊಲಿಸಿಬಿಡುವುದು ಎಲ್ಲರೂ ಮಾಡುವ ತಪ್ಪು.

ನಿಮಗೆ ಬೇಕಾದ್ದು 1921ರ ಬಾವುಟ. ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು. ಕೇಸರಿಯಲ್ಲ, ಕೆಂಪು. ಚರಕ ಒಂದು ಪಟ್ಟಿಗೆ ಸೀಮಿತವಲ್ಲ, ಮೂರು ಪಟ್ಟಿಗಳ ಮೇಲೂ ಹರಡಿಕೊಂಡು ದೊಡ್ಡದಾಗಿ ಇರುತ್ತದೆ. ಬೆಜವಾಡದ ಕಾಂಗ್ರೆಸ್ ಸಭೆಗೆ ಪಿಂಗಳಿ ವೆಂಕಯ್ಯ ತಂದ ನಮೂನೆಯಲ್ಲಿ ಕೆಂಪು, ಹಸಿರು ಎರಡೇ. ಚರಕ ಇರಲಿ ಅಂದದ್ದು ಜಲಂಧರದ ಲಾಲಾ ಹಂಸರಾಜ್. ಬಿಳಿ ಸೇರಿಸಿದ್ದು ಗಾಂಧೀಜಿ. ಕೆಂಪು ಹಿಂದೂಗಳದು, ಹಸಿರು ಮುಸ್ಲಿಮರದು, ಬಿಳಿ ಉಳಿದೆಲ್ಲ ಧರ್ಮದವರದು ಅಂತ ಲೆಕ್ಕ. ಸಂಖ್ಯೆಯಲ್ಲಿ ಚಿಕ್ಕವರು ಮೇಲೆ, ದೊಡ್ಡವರು ಕೆಳಗೆ, ಅದಕ್ಕೇ ಈ ಕ್ರಮ. ಇದೇ ಬಿಳಿ-ಹಸಿರು-ಕೆಂಪು ಕ್ರಮ ಬಲ್ಗೇರಿಯಾ ದೇಶದ ಬಾವುಟದ್ದೂ ಹೌದು. ಆದ್ದರಿಂದ ಚರಕ ತೆಳ್ಳಗೆ ಬರೆಸಬೇಡಿ, ಹಿಂದಿನ ಸಾಲಿಗೆ ಬಲ್ಗೇರಿಯಾ ಕಾಣುತ್ತದೆ.

ಇದನ್ನು ಕಾಂಗ್ರೆಸ್ ಠರಾವು ಮಾಡಿ ಒಪ್ಪಿಕೊಂಡದ್ದಲ್ಲ, ಬಳಕೆಯಲ್ಲಿ ನೆಲೆಗೊಂಡದ್ದು. 1923ರಲ್ಲಿ ನಾಗಪುರದ ಝಂಡಾ ಸತ್ಯಾಗ್ರಹ ನಡೆದದ್ದು ಇದನ್ನು ಹಿಡಿದೇ. ಸಿವಿಲ್ ಲೈನ್ಸಿಗೆ ಬಾವುಟದೊಂದಿಗೆ ಕಾಲಿಡಬಾರದು ಅಂತ ಸರ್ಕಾರ, ಇಟ್ಟೇ ಇಡುತ್ತೇವೆ ಅಂತ ಸ್ವಯಂಸೇವಕರು. ಮೇ ತಿಂಗಳಿಂದ ಆಗಸ್ಟ್‌ವರೆಗೆ ದಿನವೂ ಒಂದೊಂದು ತಂಡ ಹೋಗಿ ಬಂಧನಕ್ಕೆ ಒಳಗಾಗುತ್ತಿತ್ತು. 1929ರ ಡಿಸೆಂಬರ್ 31ರ ನಡುರಾತ್ರಿ ಲಾಹೋರಿನಲ್ಲಿ ರಾವಿ ದಂಡೆಯ ಮೇಲೆ ನೆಹರು ಏರಿಸಿದ್ದೂ ಇದೇ ಬಾವುಟ.

ನೀವು ಅಕ್ಟೋಬರ್ ಅಂದದ್ದು 26ನೇ ತಾರೀಖಿನ ಧ್ವಜವಂದನೆಯೇ ಇರಬೇಕು. ಅದು ಆ ತಿಂಗಳ ಕೊನೆಯ ಭಾನುವಾರ. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಎಂಟಕ್ಕೆ ಧ್ವಜವಂದನೆ ಅನ್ನುವುದು ಸೇವಾದಳದ ಪದ್ಧತಿ. 1930ರ ಜನವರಿ 26 ಕೂಡ ಕೊನೆಯ ಭಾನುವಾರ, ಹೊಸ ಬಾವುಟದ ದಿನ ಆಚರಿಸಿದ 1931ರ ಆಗಸ್ಟ್ 30 ಕೂಡ. ಹಾಗಾಗಿ ಮೈದಾನದ ದೃಶ್ಯಕ್ಕೆ ಬೆಳಗಿನ ಬೆಳಕು ಕೊಡಿ, ಸಂಜೆಯ ಕೆಂಪು ಬೆಳಕು ಬೇಡ.

ಅಂಗುಲ_ಮುಕ್ಕಾಲು

ಹೊಲಿಗೆಯ ಲೆಕ್ಕ ನನ್ನದು. ಹೊಲಿದು ಮುಗಿದ ಮೇಲೆ ಬಾವುಟ 24 ಅಂಗುಲ ಎತ್ತರ, 36 ಅಂಗುಲ ಉದ್ದ. ಅಂದರೆ ಪಟ್ಟಿ ತಲಾ 8 ಅಂಗುಲ.

ಹೊರ ಅಂಚಿನ ಮಡಿಕೆಗೆ ಮುಕ್ಕಾಲು ಅಂಗುಲ, ಜೋಡಿಸುವ ಅಂಚಿಗೆ ಅರ್ಧ ಅಂಗುಲ ಬಿಡಿ. ಮೇಲಿನ ಮತ್ತು ಕೆಳಗಿನ ಪಟ್ಟಿ 9¼ ಅಂಗುಲ, ನಡುವಿನದು 9. ಉದ್ದ 37½: ಹಾರುವ ಕಡೆಯ ಅಂಚನ್ನು ಅರ್ಧರ್ಧ ಅಂಗುಲ ಎರಡು ಸಲ ಮಡಚಲು ಒಂದು ಅಂಗುಲ, ಕೋಲಿನ ಕಡೆಗೆ ಅರ್ಧ.

ಈಗ ಬಟ್ಟೆ. ಖಾದಿ 36 ಅಂಗುಲ ಪನ್ನದ್ದು (ಅಗಲದ್ದು) ಸಿಕ್ಕರೆ ಒಂದು ಪನ್ನದಲ್ಲಿ ಮೂರು ಪಟ್ಟಿ ಸಲೀಸಾಗಿ ಕೂಡುತ್ತವೆ, ಅಂದರೆ ಬಣ್ಣಕ್ಕೊಂದು ತುಂಡು ತಂದರೆ ಮೂರು ಬಾವುಟ. ಇಲ್ಲೇ ಎಲ್ಲರೂ ಮುಗ್ಗರಿಸುವುದು. ಒಂದು ಮೀಟರ್ ಅಂದರೆ 39 ಅಂಗುಲ ಚಿಲ್ಲರೆ, 37½ ಕತ್ತರಿಸಿದರೆ ಇನ್ನೂ ಉಳಿಯುತ್ತದೆ ಅಂದುಕೊಂಡು ಒಂದೇ ಮೀಟರ್ ತರುತ್ತಾರೆ. ಕೈಮಗ್ಗದ ಖಾದಿ ಮೊದಲ ನೀರಿಗೆ ನೂರಕ್ಕೆ ಐದಾರರಷ್ಟು ಕುಗ್ಗುತ್ತದೆ. ಒಗೆದು ಒಣಗಿಸಿ ಅಳೆದರೆ 37 ಅಂಗುಲ ಮಾತ್ರ! ತಲಾ 1.20 ಮೀಟರ್ ತನ್ನಿ. ಒಗೆಯದೆ ಹೊಲಿದರೆ ಅದು ಇನ್ನೂ ಕೆಟ್ಟದ್ದು: ಮೂರು ಬಣ್ಣದ ಬಟ್ಟೆ ಮೂರು ಬಗೆಯಾಗಿ ಕುಗ್ಗಿ, ಇಸ್ತ್ರಿ ಮಾಡುವಾಗ ನಡುವಿನ ಪಟ್ಟಿ ಅಲೆಅಲೆಯಾಗಿ ಏಳುತ್ತದೆ.

ಬಿಳಿಯನ್ನು ಬೇರೆಯಾಗಿ ಒಗೆಯಿರಿ. ಹಸಿರು, ಕೆಂಪು ಎರಡನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ನೀರು ತಿಳಿಯಾಗುವವರೆಗೆ ಜಾಲಿಸಿ. ಆಮೇಲೆ ಒದ್ದೆ ಹಸಿರು ಬಟ್ಟೆಯ ಮೂಲೆಗೆ ಬಿಳಿ ಚಿಂದಿ ಒತ್ತಿ, ಮೇಲೆ ಬಿಸಿ ಇಸ್ತ್ರಿ ಇಟ್ಟು ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ಆ ತಾನು ಬೇಡ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುವುದನ್ನು ನಂಬಬೇಡಿ, ಕಳಪೆ ಬಣ್ಣ ಉಪ್ಪಿಗೂ ಜಗ್ಗುವುದಿಲ್ಲ.

ಪಟ್ಟಿಗಳನ್ನು ಹಾಸಿನ (ಉದ್ದನೆಯ ಎಳೆಗಳ) ದಿಕ್ಕಿಗೆ ಉದ್ದವಾಗಿ ಕತ್ತರಿಸಿ. ಹೊಕ್ಕಿನ (ಅಡ್ಡ ಎಳೆಗಳ) ದಿಕ್ಕಿಗೆ ಕತ್ತರಿಸಿದರೆ ಬಟ್ಟೆ ಎಳೆದ ಹಾಗೆಲ್ಲ ಹಿಗ್ಗಿ ಕೆಳ ಅಂಚು ಜೋತುಬೀಳುತ್ತದೆ. ಜೋಡಿಸುವಾಗ ಎರಡೂ ಅಂಚು ಒಳಗೆ ಮಡಚಿಕೊಳ್ಳುವ ಚಪ್ಪಟೆ ಹೊಲಿಗೆ ಹಾಕಿ, ಬಾವುಟಕ್ಕೆ ಎರಡು ಮುಖ ಇರುವುದರಿಂದ ಎಳೆ ಬಿಚ್ಚಿಕೊಂಡ ಹಿಂಬದಿ ಪ್ರೇಕ್ಷಕರಿಗೂ ಕಾಣುತ್ತದೆ. ಕೋಲಿನ ಕಡೆಗೆ 5 ಅಂಗುಲ ಅಗಲ, 25 ಅಂಗುಲ ಉದ್ದದ ದಪ್ಪ ಬಿಳಿ ಬಟ್ಟೆ ಮಡಚಿ 2 ಅಂಗುಲದ ತೋಳು ಕೂಡಿಸಿ.

ಚರಕದ ವಿಷಯ. 1931ರ ಬಾವುಟವಾದರೆ ಸುಲಭ: ಜೋಡಿಸುವ ಮೊದಲೇ ಬಿಳಿ ಪಟ್ಟಿಯ ಮೇಲೆ ಅಚ್ಚು ಹಾಕಿ, 6 ಅಂಗುಲ ಎತ್ತರ ಮೀರದಿರಲಿ. ನಿಮ್ಮದು 1921ರದು, ಚರಕ ಮೂರು ಪಟ್ಟಿ ದಾಟಬೇಕು, ಹಾಗಾಗಿ ಜೋಡಿಸಿದ ಮೇಲೆಯೇ ಬರೆಯಬೇಕು. ಹೊಲಿಗೆಯ ಉಬ್ಬಿನ ಮೇಲೆ ಸ್ಟೆನ್ಸಿಲ್ ಸರಿಯಾಗಿ ಕೂರದೆ ಬಣ್ಣ ಅಡಿಗೆ ನುಸುಳುತ್ತದೆ. ಹೊಲಿಗೆಯನ್ನು ನೀರು ಚಿಮುಕಿಸಿ ಚಪ್ಪಟೆಯಾಗುವಂತೆ ಇಸ್ತ್ರಿ ಮಾಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಎರಡು ಜಾಗಗಳಲ್ಲಿ ಮಾತ್ರ ಕುಂಚದಿಂದ ತುಂಬಿ. ಪಿಗ್ಮೆಂಟ್ ಬಣ್ಣಕ್ಕೆ ಬೈಂಡರ್ ಬೆರೆಸಿ, ಗಟ್ಟಿ ಮೊಸರಿನ ಹದ. ತೆಳುವಾದರೆ ಖಾದಿಯ ಎಳೆಗುಂಟ ಹರಡಿ ಗೆರೆಗೆ ಮೀಸೆ ಬರುತ್ತದೆ. ಗೆರೆಯ ದಪ್ಪ ಮುಕ್ಕಾಲು ಅಂಗುಲ. ಬಾಟಲಿ ಹಸಿರು ತಂದರೆ ಅದರ ಮೇಲೆ ಗಾಢ ನೀಲಿ ಕಾಣುವುದೇ ಇಲ್ಲ, ಎಲೆ ಹಸಿರು ತನ್ನಿ. ಒಂದು ದಿನ ಒಣಗಲು ಬಿಟ್ಟು, ಮೇಲೆ ಬಟ್ಟೆ ಹಾಸಿ, ಕಾಟನ್ ಬಿಸಿಯಲ್ಲಿ ನಾಲ್ಕೈದು ನಿಮಿಷ ಇಸ್ತ್ರಿ. ಇನ್ನೊಂದು ಮುಖಕ್ಕೆ ಮತ್ತೆ ಮೊದಲಿಂದ.

ಹಿಂದಿನ ಪರದೆ ಬಿಳಿಯದಾ? ಹಾಗಿದ್ದರೆ ಬದಲಿಸಿ. ಮೇಲಿನ ಬಿಳಿ ಪಟ್ಟಿ ಪರದೆಯಲ್ಲಿ ಕರಗಿ ಬಾವುಟ ಎರಡೇ ಬಣ್ಣದ್ದಾಗಿ, ಗಿಡ್ಡವಾಗಿ ಕಾಣುತ್ತದೆ. ಬೂದಿ-ನೀಲಿ ಪರದೆ ಒಳ್ಳೆಯದು.

ಸದಾಶಿವಪೇಠೆ

ಮಾಸಿದ_ಆಲ್ಬಂ ಅವರು ಸೇವಾದಳ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟರು. ಕನ್ನಡ ಸಂಘದ ನಾಟಕಕ್ಕೆ ಬೇಕಾದ ಎಳೆ ಇರುವುದೇ ಅಲ್ಲಿ. ನಾಗಪುರಕ್ಕೆ ಹೋಗಿ ಜೈಲು ಸೇರಿದ ತಂಡಗಳಲ್ಲಿ ಹುಬ್ಬಳ್ಳಿ ಸೇವಾ ಮಂಡಲದ್ದೂ ಒಂದು, ಅವರು ಕ್ಷಮಾಪಣೆ ಬರೆದುಕೊಡಲು ಒಪ್ಪಲಿಲ್ಲ. ಅದನ್ನು ಕಟ್ಟಿದವರು ಡಾ. ನಾ. ಸು. ಹರ್ಡೀಕರ್. ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡ ಅಧಿವೇಶನದ ಹೊತ್ತಿಗೆ ಅದು ಹಿಂದೂಸ್ತಾನಿ ಸೇವಾದಳವಾಯಿತು. ಸಾಲಾಗಿ ನಿಲ್ಲುವುದು, ಸೆಲ್ಯೂಟ್, ಬಾವುಟ ಏರಿಸುವ ಕ್ರಮ, ಇವನ್ನೆಲ್ಲ ದೇಶಕ್ಕೆ ಕಲಿಸಿದ್ದು ಹುಬ್ಬಳ್ಳಿಯಿಂದ ಹೊರಟ ಈ ದಳ. ಅದರ ಮಹಿಳಾ ವಿಭಾಗವನ್ನು ನಡೆಸಿದವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಬಾವುಟಕ್ಕಾಗಿ ನಡೆದ ನೂಕಾಟದಲ್ಲಿ ಅದನ್ನು ತಬ್ಬಿ ಹಿಡಿದು ಬಿಡಲೇ ಇಲ್ಲ ಅಂತ ಹೆಸರಾದವರು ಅವರೇ. ಹಳದಿ-ಕೆಂಪು ಬಾವುಟವಿಲ್ಲದೆ ಕನ್ನಡಿಗರು ಕಾಣುವುದು ಹೇಗೆ ಅನ್ನುವ ನಿಮ್ಮ ಮೂರನೇ ಪಂಗಡಕ್ಕೆ ಇದನ್ನು ಹೇಳಿ.

1931ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಕಾರ್ಯಸಮಿತಿ ಏಳು ಜನರ ಬಾವುಟ ಸಮಿತಿ ಮಾಡಿತು. ಪಟ್ಟಾಭಿ ಸೀತಾರಾಮಯ್ಯ, ನೆಹರು, ಪಟೇಲ್, ಆಜಾದ್, ಮಾಸ್ಟರ್ ತಾರಾಸಿಂಗ್, ಕಾಕಾ ಕಾಲೇಲ್ಕರ್, ಜೊತೆಗೆ ನಮ್ಮ ಹರ್ಡೀಕರ್. ಅವರು ಶಿಫಾರಸು ಮಾಡಿದ್ದು ಇಡಿಯಾಗಿ ಕೇಸರಿ ಬಣ್ಣದ ಬಾವುಟ, ಕೋಲಿನ ಕಡೆಯ ಮೇಲ್ಮೂಲೆಯಲ್ಲಿ ಕೆಂಗಂದು ಚರಕ. ಆಗಸ್ಟ್ ಮೊದಲ ವಾರ ಇದೇ ಮುಂಬೈಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಅದನ್ನು ಒಪ್ಪದೆ ಕೇಸರಿ-ಬಿಳಿ-ಹಸಿರು, ಬಿಳಿಯ ನಡುವೆ ಗಾಢ ನೀಲಿ ಚರಕ, ಉದ್ದ ಮೂರಕ್ಕೆ ಎತ್ತರ ಎರಡು ಅಂತ ಠರಾವು ಮಾಡಿತು. ಬಣ್ಣಗಳಿಗೆ ಕೋಮಿನ ಅರ್ಥ ಇಲ್ಲ ಅಂತಲೂ ಅದರಲ್ಲೇ ಬರೆದರು. ಕೇಸರಿ ಧೈರ್ಯ-ತ್ಯಾಗಕ್ಕೆ, ಬಿಳಿ ಸತ್ಯ-ಶಾಂತಿಗೆ, ಹಸಿರು ಶ್ರದ್ಧೆ-ಶೌರ್ಯಕ್ಕೆ. ನನ್ನ ಮಟ್ಟಿಗೆ ಬಾವುಟದ ಇತಿಹಾಸದಲ್ಲಿ ದೊಡ್ಡ ತಿರುವು ಇದೇ. ಬಣ್ಣ ಅದಲುಬದಲಾದದ್ದು ಹೆಚ್ಚಲ್ಲ, ಯಾವ ಬಣ್ಣ ಯಾರದು ಅನ್ನುವ ಹತ್ತು ವರ್ಷದ ಜಗಳವನ್ನು ಕಾಗದದ ಮೇಲಾದರೂ ಮುಗಿಸಿದ್ದು ಹೆಚ್ಚು. ಪ್ರದರ್ಶನದಲ್ಲಿ ಒಂಟಿ ಕೇಸರಿಯ ಬಾವುಟವನ್ನು 1931ರ ರಾಷ್ಟ್ರಧ್ವಜ ಅಂತ ಹಾಕಬೇಡಿ. ಅದು ವರದಿಯಲ್ಲೇ ಉಳಿದ ಬಾವುಟ.

ನಿಮ್ಮ ಯರವಡಾ ದೃಶ್ಯ ಸೊಲ್ಲಾಪುರದ ನಾಲ್ವರದೇ ಅಲ್ಲವೇ? ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್, ಗಲ್ಲಿಗೇರಿದ್ದು 1931ರ ಜನವರಿ 12. ಹಿಂದಿನ ಮೇ ತಿಂಗಳಲ್ಲಿ ಸೊಲ್ಲಾಪುರದ ಮೇಲೆ ಮಾರ್ಷಲ್ ಲಾ ಹೇರಿದಾಗ ಬಾವುಟ ಹಿಡಿದು ಓಡಾಡುವುದೇ ಶಿಕ್ಷೆಗೆ ಸಾಕಾಗಿತ್ತು. ಇಲ್ಲಿ ಬಾವುಟ ಕೋಲಿನ ಮೇಲೆ ಬೇಡ, ಮಡಚಿ ಅಂಗಿಯೊಳಗೆ ಇಟ್ಟದ್ದಾಗಿರಲಿ. ಇನ್ನೊಂದು: ಜೈಲು ಅಂತ ರಂಗದ ಮೇಲೆ ಮಡಚುವ ಪೆಟ್ಟಿಗೆ ಚರಕ ಇಡುವವರಿದ್ದಾರೆ. ಅದಕ್ಕೆ ಯರವಡಾ ಚರಕ ಅಂತಲೇ ಹೆಸರು ನಿಜ, ಆದರೆ ಬಾವುಟದ ಮೇಲೆ ಬರೆಯುವುದು ದೊಡ್ಡ ಗಾಲಿಯ ನಿಂತ ಚರಕ.

ಡೊಂಬಿವಲಿ_ಫಾಸ್ಟ್

ಅಬ್ಬಾ, ಇಷ್ಟು ಬೇಗ ಇಷ್ಟು ಉತ್ತರ! ಒಂದು ಅನುಮಾನ. ಪ್ರದರ್ಶನಕ್ಕೆ ಬಂದ ಒಂದು ಕಪ್ಪು-ಬಿಳುಪು ಫೋಟೋದ ಹಿಂದೆ ಪೆನ್ಸಿಲಿನಲ್ಲಿ ‘ವಡಾಲಾ, ಉಪ್ಪು, 1930’ ಅಂತ ಇದೆ. ಬಾವುಟದ ಮೇಲಿನ ಪಟ್ಟಿ ಕಡುಬೂದು, ನಡುವಿನದು ಬಿಳಿ, ಕೆಳಗಿನದು ಬೂದು. ಚರಕ ಕಾಣುವುದೇ ಇಲ್ಲ. ಇದೇ ಫೋಟೋಗೆ ಯಾರೋ ಬಣ್ಣ ತುಂಬಿ ವಾಟ್ಸಾಪಿನಲ್ಲೂ ಕಳಿಸಿದ್ದಾರೆ, ಅದರಲ್ಲಿ ಮೇಲೆ ಕೇಸರಿ. ಇನ್ನು ಗಿರಣಿ ಗೇಟಿಗೆ, ಗೋವಾ ಕಚೇರಿಗೆ, ಪೊಲೀಸ್ ಚೌಕಿಗೆ ಏನು?

ಮಾಸಿದ_ಆಲ್ಬಂ

ಪೆನ್ಸಿಲಿನವರು ತಪ್ಪು ಬರೆದಿದ್ದಾರೆ. ಕಪ್ಪು-ಬಿಳುಪು ಫೋಟೋದಲ್ಲಿ ನೋಡಬೇಕಾದ್ದು ಒಂದೇ, ಎಲ್ಲಕ್ಕಿಂತ ಬೆಳ್ಳಗಿನ ಪಟ್ಟಿ ಎಲ್ಲಿದೆ ಅನ್ನುವುದು. ಮೇಲಿದ್ದರೆ ಹಳೆಯ ಬಾವುಟ, ನಡುವೆ ಇದ್ದರೆ 1931ರ ಆಗಸ್ಟಿನ ನಂತರದ್ದು. ವಡಾಲಾದ ಉಪ್ಪಿನ ಅಗರಗಳ ಮೇಲೆ ದಾಳಿ ನಡೆದದ್ದು 1930ರ ಬೇಸಿಗೆಯಲ್ಲಿ, ನಿಮ್ಮ ಫೋಟೋ ಅದರದ್ದಲ್ಲ. ಬಾವುಟವನ್ನು ತಲೆಕೆಳಗಾಗಿ ಹಿಡಿದಿದ್ದರೂ ನಡುವಿನ ಪಟ್ಟಿ ನಡುವೆಯೇ ಇರುತ್ತದೆ, ಹಾಗಾಗಿ ಆ ವಾದವೂ ನಿಲ್ಲದು.

ಚರಕ ಕಾಣದಿರುವುದಕ್ಕೂ ಕಾರಣವಿದೆ. ಆಗ ಬಹಳ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದಿಲ್ಲ, ನೀಲಿ ಅತಿಯಾಗಿ ಕಾಣುತ್ತದೆ. ಕೆಂಪು ಬಹುಪಾಲು ಕಪ್ಪಾಗಿ, ಕೇಸರಿ ಕಡುಬೂದಾಗಿ ಬೀಳುತ್ತದೆ. ನೀಲಿ ಮಾತ್ರ ಪೇಲವವಾಗಿ ಬಿಳಿಯಲ್ಲಿ ಮುಳುಗಿಹೋಗುತ್ತದೆ. ಬಿಳಿ ಪಟ್ಟಿಯ ಮೇಲಿನ ನೀಲಿ ಚರಕ ಅಳಿಸಿಹೋದಂತೆ ಕಾಣುವುದು ಹೀಗೆ. ಎಲ್ಲ ಬಣ್ಣಗಳನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಹಾಕಿದ್ದರೆ ಲೆಕ್ಕ ಬೇರೆ, ಆದ್ದರಿಂದ ಬೂದಿನ ಗಾಢತೆ ನೋಡಿ ಬಣ್ಣ ಊಹಿಸಬೇಡಿ, ಬಿಳಿಯ ಜಾಗ ಮಾತ್ರ ನಂಬಿ. ಬಣ್ಣ ತುಂಬಿದ ಪ್ರತಿಗಳನ್ನು ಪ್ರದರ್ಶನದಿಂದ ತೆಗೆದುಬಿಡಿ. ಬಣ್ಣ ತುಂಬುವ ತಂತ್ರಾಂಶಕ್ಕೆ ಗೊತ್ತಿರುವುದು ಈಗಿನ ತ್ರಿವರ್ಣ ಒಂದೇ, ಬಿಳಿ ಮೇಲಿದ್ದರೂ ಅದಕ್ಕೆ ಕೇಸರಿ ಬಳಿದುಕೊಡುತ್ತದೆ.

ಗಿರಣಿ ಗೇಟಿಗೆ ತ್ರಿವರ್ಣ ಹಾಕಬೇಡಿ. 1928ರ ಆರು ತಿಂಗಳ ಮುಷ್ಕರದಿಂದ ಪರೇಲ್, ಲಾಲ್‌ಬಾಗ್ ಕಡೆ ಗಿರಣಿ ಕಾಮಗಾರ್ ಯೂನಿಯನ್ನಿನ ಕೆಂಬಾವುಟದ್ದೇ ದರ್ಬಾರು. ಜನ ಆ ಯೂನಿಯನ್ನನ್ನು ಕರೆಯುತ್ತಿದ್ದದ್ದೇ ‘ಲಾಲ್ ಬಾವಟಾ’ ಅಂತ. ಮರಾಠಿಯ ಬಾವಟಾ, ಕನ್ನಡದ ಬಾವುಟ ಎರಡೂ ಒಂದೇ ಮಾತು, ಸಂಭಾಷಣೆಯಲ್ಲಿ ಬಳಸಿಕೊಳ್ಳಬಹುದು.

ಎರಡು ಮಹಾಯುದ್ಧಗಳ ನಡುವಿನ ವರ್ಷಗಳು ಅಂದಿರಿ. ಹಾಗಾದರೆ ಪ್ರದರ್ಶನದ ಕೊನೆಯ ಹಲಗೆಯಲ್ಲಿ ಶಿವಪುರ, ವಿದುರಾಶ್ವತ್ಥ ಎರಡೂ ಇರಲಿ. 1938ರ ಏಪ್ರಿಲ್ ಮೈಸೂರು ಸಂಸ್ಥಾನದಲ್ಲಿ ಧ್ವಜ ಸತ್ಯಾಗ್ರಹದ ತಿಂಗಳು. 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಆಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಪಟೇಲರ ನಡುವೆ ಆದ ಮಿರ್ಜಾ-ಪಟೇಲ್ ಒಪ್ಪಂದದಿಂದ ಮೈಸೂರಿನ ಬಾವುಟದ ಪಕ್ಕದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ದಾರಿಯಾಯಿತು. ಈ ಹಲಗೆಗೆ ಮಾತ್ರ ಕೇಸರಿ-ಬಿಳಿ-ಹಸಿರು, ನಡುವೆ ಚರಕ.

ವಾಸ್ಕೋ_ಧಕ್ಕೆ

ಗೋವಾ ಕಚೇರಿಗೆ ಹಸಿರು-ಕೆಂಪಿನ ಪೋರ್ಚುಗೀಸ್ ಬಾವುಟ. 1910ರಲ್ಲಿ ಅಲ್ಲಿ ರಾಜ ಹೋಗಿ ಗಣರಾಜ್ಯ ಬಂತು, ನೀಲಿ-ಬಿಳಿ ಹೋಗಿ 1911ರಲ್ಲಿ ಇದು ಬಂತು. ನೀಲಿ-ಬಿಳಿ ಹಾಕಿದರೆ ತಪ್ಪು.

ಎಲ್ಲರೂ ಎಡವುವುದು ಪಾಲಿನಲ್ಲಿ. ಅರ್ಧ ಹಸಿರು, ಅರ್ಧ ಕೆಂಪು ಅಲ್ಲ. ಕೋಲಿನ ಕಡೆ ಐದರಲ್ಲಿ ಎರಡು ಪಾಲು ಹಸಿರು, ಉಳಿದ ಮೂರು ಪಾಲು ಕೆಂಪು. 36 ಅಂಗುಲದಲ್ಲಿ ಹಸಿರು 14.4, ಕೆಂಪು 21.6. ಎರಡೂ ಕೂಡುವ ಗೆರೆಯ ಮೇಲೆ ಹಳದಿ ಗೋಳ, ವ್ಯಾಸ ಎತ್ತರದ ಅರ್ಧ, ಅಂದರೆ 12 ಅಂಗುಲ. ಅದರ ಮೇಲೆ ಕೆಂಪು ಅಂಚಿನ ಗುರಾಣಿ, ಅಂಚಿನಲ್ಲಿ ಏಳು ಹಳದಿ ಕೋಟೆ, ಒಳಗೆ ಐದು ಚಿಕ್ಕ ನೀಲಿ ಗುರಾಣಿ, ಪ್ರತಿಯೊಂದರಲ್ಲಿ ಐದು ಬಿಳಿ ಚುಕ್ಕೆ. ಕೈಯಲ್ಲಿ ಬರೆಯಲು ಹೋಗಬೇಡಿ, ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸಿ ಅಂಟಿಸಿ. 1935ರಲ್ಲಿ ವಸಾಹತುಗಳಿಗೆ ಬೇರೆ ಬೇರೆ ಲಾಂಛನ ಕೊಟ್ಟರು, ಬಾವುಟ ಮಾತ್ರ ಬದಲಾಗಲಿಲ್ಲ. ಸಂಭಾಷಣೆಯಲ್ಲಿ ಅಧಿಕಾರಿ ಪಣಜಿಗೆ ನೋವಾ ಗೋವಾ ಅನ್ನಲಿ, ಆಗಿನ ಸರ್ಕಾರಿ ಹೆಸರು ಅದೇ.

ಅಂಗುಲ_ಮುಕ್ಕಾಲು

ಪೊಲೀಸ್ ಚೌಕಿಯ ಯೂನಿಯನ್ ಜ್ಯಾಕ್ ಉಳಿಯಿತು. ಎತ್ತರವನ್ನು 30 ಪಾಲು ಮಾಡಿ, ಉದ್ದ 60. ನಡುವಿನ ಕೆಂಪು ಶಿಲುಬೆ 6 ಪಾಲು, ಅದರ ಎರಡೂ ಬದಿ ಬಿಳಿ 2. ಓರೆ ಪಟ್ಟಿಯಲ್ಲಿ ಒಂದು ಕಡೆ ಬಿಳಿ 3, ನಡುವೆ ಕೆಂಪು 2, ಇನ್ನೊಂದು ಕಡೆ ಬಿಳಿ 1. ಕೋಲಿನ ಪಕ್ಕದ ಮೇಲ್ಮೂಲೆಯಲ್ಲಿ ಅಗಲವಾದ ಬಿಳಿ ಮೇಲೆ ಬರಬೇಕು, ಕೆಳಗೆ ಬಂದರೆ ಬಾವುಟ ತಲೆಕೆಳಗು. ಅಂಗಡಿಯಿಂದ ತಂದ ಅಗ್ಗದ ಪ್ರಿಂಟುಗಳಲ್ಲಿ ಬಿಳಿ ಎರಡೂ ಕಡೆ ಸಮ ಇರುತ್ತದೆ, ತಂದ ಕೂಡಲೇ ಅಳೆದು ನೋಡಿ.

ಕಿತ್ತುಕೊಳ್ಳುವ ದೃಶ್ಯಕ್ಕೆ ಈಗಿನ ರಾಷ್ಟ್ರಧ್ವಜ ಖಂಡಿತ ಬೇಡ. ಅದನ್ನು ಸಾರ್ವಜನಿಕವಾಗಿ ಹರಿಯುವುದು, ತುಳಿಯುವುದು 1971ರ ಕಾಯ್ದೆಯಡಿ ಮೂರು ವರ್ಷದವರೆಗಿನ ಜೈಲಿನ ಅಪರಾಧ. ಬಿಳಿ-ಹಸಿರು-ಕೆಂಪಿನ ಹಳೆಯ ಬಾವುಟ ಈಗಿನ ರಾಷ್ಟ್ರಧ್ವಜವಲ್ಲ. ಆದರೂ ಹರಿಯುವುದು ಬೇಡ, ಕೋಲಿನಿಂದ ಕಳಚಿಬಂದರೆ ಸಾಕು. ತೋಳನ್ನು ಕೋಲಿಗೆ ಖಾಯಂ ಆಗಿ ಕಟ್ಟಿ, ಬಾವುಟವನ್ನು ತೋಳಿಗೆ ಐದು ಟಿಚ್ ಬಟನ್‌ಗಳಿಂದ ಕೂಡಿಸಿ, ಒಂದೇ ಎಳೆತಕ್ಕೆ ಬರುತ್ತದೆ. ವೆಲ್ಕ್ರೋ ಹಾಕಬೇಡಿ, ಆ ಚರ್ ಅನ್ನುವ ಸದ್ದನ್ನು ಮೈಕ್ ಎತ್ತಿಕೊಂಡು ಬಟ್ಟೆ ಹರಿದ ಹಾಗೆಯೇ ಕೇಳಿಸುತ್ತದೆ. ಮೇಲಿನ ಬಟನ್ ಮಾತ್ರ ಸ್ವಲ್ಪ ಬಿಗಿಯಾಗಿರಲಿ, ಇಲ್ಲದಿದ್ದರೆ ಮೆರವಣಿಗೆ ರಂಗ ಹತ್ತುವಾಗಲೇ ಬಾವುಟ ಕೆಳಗೆ ಬಿದ್ದಿರುತ್ತದೆ.